ಸಿರಿಯನ್ ಹ್ಯಾಮ್‌ಸ್ಟರ್‌ನ ಆಹಾರ ಮುಗಿಯುತ್ತಾ ಬಂದಿದೆ, ಪಾರ್ಸೆಲ್ ಘಾಟಿ ಆಚೆ ನಿಂತಿದೆ. ಮನೆಯಲ್ಲಿ ಇರೋದ್ರಲ್ಲಿ ಏನು ಕೊಡಬಹುದು?

ಪ್ರಶ್ನೆ ಕೇಳಿದವರು: ಸುಳ್ಯದ ತೋಟದ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನಮ್ಮದು ಸುಳ್ಯದಿಂದ ಒಳಗೆ, ಅಡಿಕೆ ತೋಟದ ಮನೆ. ಮಗಳು ಎಂಟನೇ ಕ್ಲಾಸು. ಅವಳ ಹತ್ತಿರ ಒಂದು ಸಿರಿಯನ್ ಹ್ಯಾಮ್‌ಸ್ಟರ್ ಉಂಟು, ಇಲಿ ಜಾತಿಯ ಸಣ್ಣ ಸಾಕುಪ್ರಾಣಿ, ಹೆಸರು ಚಿಕ್ಕು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಮನೆ ಬದಲಾಯಿಸುವಾಗ ಇವಳಿಗೆ ಕೊಟ್ಟದ್ದು. ಒಂದು ವರ್ಷದ ಆಸುಪಾಸಿನ ಗಂಡು. ಆರೋಗ್ಯವಾಗಿದೆ, ರಾತ್ರಿಯಿಡೀ ಚಕ್ರ ತಿರುಗಿಸುತ್ತಾ ಇರುತ್ತದೆ.

ಇಷ್ಟು ದಿನ ಆನ್‌ಲೈನಿನಲ್ಲಿ ಸಿಗುವ ರೆಡಿ ಮಿಕ್ಸ್ ತರಿಸುತ್ತಿದ್ದೆವು. ಈ ಸಲ ಮಳೆ ಜೋರು. ಶಿರಾಡಿಯಲ್ಲಿ ಗುಡ್ಡ ಜರಿದು ಪಾರ್ಸೆಲ್ ಹಾಸನದಲ್ಲೇ ಇದೆ ಅಂತ ತೋರಿಸುತ್ತಿದೆ. ಪುತ್ತೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ನಾಯಿ, ಬೆಕ್ಕು, ಮೀನಿನ ಆಹಾರ ಉಂಟು, ಲವ್ ಬರ್ಡ್ಸ್‌ಗೆ ಹಾಕುವ ಕಾಳು ಉಂಟು, ಹ್ಯಾಮ್‌ಸ್ಟರ್‌ದು ಇಲ್ಲ ಅಂದರು. ಇದ್ದರೂ ಈಗ ಹೋಗಿ ತರುವ ಹಾಗಿಲ್ಲ, ನಮ್ಮ ಹೊಳೆಯ ಸೇತುವೆ ಮೇಲೆ ನೀರು ಹರಿಯುತ್ತಿದೆ. ಡಬ್ಬಿಯ ತಳದಲ್ಲಿ ಎರಡು ಹೊತ್ತಿಗೆ ಆಗುವಷ್ಟು ಮಿಕ್ಸ್ ಉಳಿದಿದೆ.

ಮನೆಯಲ್ಲಿ ಇರುವುದು ಹೇಳುತ್ತೇನೆ. ಇಡೀ ಗೋಧಿ, ರಾಗಿ, ಕುಚ್ಚಲಕ್ಕಿ, ಅವಲಕ್ಕಿ, ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ತಂದಿಟ್ಟ ಓಟ್ಸ್, ಹೆಸರುಕಾಳು, ಕಡಲೆ, ಅಲಸಂದೆ, ನೆಲಗಡಲೆ, ಗೋಡಂಬಿ, ಒಣಗಿಸಿಟ್ಟ ಚೀನಿಕಾಯಿ (ಸಿಹಿಗುಂಬಳ) ಬೀಜ, ಹಲಸಿನ ಬೀಜ. ತರಕಾರಿಯಲ್ಲಿ ಮುಳ್ಳುಸೌತೆ, ಕ್ಯಾರೆಟ್, ಬಸಳೆ, ಬಾಳೆಹಣ್ಣು. ನಾವು ಸಸ್ಯಾಹಾರಿಗಳು, ಮೊಟ್ಟೆ ಒಳಗೆ ಬರುವುದಿಲ್ಲ.

ಇದರಲ್ಲಿ ಯಾವುದು ಕೊಟ್ಟರೆ ತೊಂದರೆ ಇಲ್ಲ, ಯಾವುದು ಕೊಡಲೇಬಾರದು? ಎಷ್ಟು ಕೊಡಬೇಕು? ನಿನ್ನೆ ರಾತ್ರಿ ಹಾಕಿದ ಬಟ್ಟಲು ಬೆಳಿಗ್ಗೆ ಪೂರ್ತಿ ಖಾಲಿ. ಹೊಟ್ಟೆ ತುಂಬುತ್ತಿಲ್ಲವಾ ಅಂತ ಮಗಳು ಅಳುತ್ತಿದ್ದಾಳೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಉಡುಪಿ ಹುಡುಗ

ಅಕ್ಕ, ಗಾಬರಿ ಬೇಡ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕೊಡಿ. ಗ್ಲೂಕೋಸ್ ಬಿಸ್ಕತ್ತೂ ತಿನ್ನುತ್ತವೆ. ನಮ್ಮ ಪಕ್ಕದ ಮನೆಯವರು ಮೊಲದ ಮರಿಗಳಿಗೆ ಇದನ್ನೇ ಕೊಡುತ್ತಿದ್ದರು. ಒಂದೆರಡು ದಿನಕ್ಕೆ ಸಾಕಾಗುತ್ತದೆ.

ಉತ್ತರ: ಮೈಸೂರಿನ ಸರಸ್ವತಿಪುರಂ ಅಕ್ಕ

ಮೊದಲು ಮಗಳಿಗೆ ಹೇಳಿ, ಚಿಕ್ಕು ಉಪವಾಸ ಇಲ್ಲ. ನೀವು ಬರೆದಿರುವ ಸಾಮಾನಿನಲ್ಲಿ ಅವನು ಒಂದು ವಾರ ಅಲ್ಲ, ಎರಡು ವಾರ ಚೆನ್ನಾಗಿ ಇರುತ್ತಾನೆ. ನನ್ನ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ನಮ್ಮ ಮನೆಯಲ್ಲಿ ಹ್ಯಾಮ್‌ಸ್ಟರ್ ಇವೆ. ಮಕ್ಕಳು ದೊಡ್ಡವರಾಗಿ ಹೊರಗೆ ಹೋದರೂ ನಾನು ಬಿಟ್ಟಿಲ್ಲ. ಲಾಕ್‌ಡೌನಿನಲ್ಲಿ ಅಂಗಡಿ ಎಲ್ಲಾ ಮುಚ್ಚಿದ್ದಾಗ ಅಡುಗೆಮನೆ ಡಬ್ಬಿಗಳಿಂದಲೇ ಸಾಕಿದ್ದು. ಅದನ್ನೇ ಇಲ್ಲಿ ಹೇಳುತ್ತೇನೆ.

ಉಡುಪಿ ತಮ್ಮಾ, ನೀವು ಒಳ್ಳೇ ಮನಸ್ಸಿಂದ ಹೇಳಿದ್ದು, ಆದ್ರೆ ಹಾಲು ಬ್ರೆಡ್ಡು ಬೇಡ. ಬೆಳೆದ ಹ್ಯಾಮ್‌ಸ್ಟರ್‌ಗೆ ಹಾಲು ಬೇಕಿಲ್ಲ, ಹೊಟ್ಟೆ ಕೆಡುತ್ತೆ. ಅದೂ ಅಲ್ಲದೆ ಅದು ಸಿಕ್ಕಿದ್ದನ್ನೆಲ್ಲ ಅಲ್ಲೇ ತಿನ್ನುವ ಪ್ರಾಣಿ ಅಲ್ಲ. ಕೆನ್ನೆಯಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುತ್ತೆ. ನೆನೆದ ಬ್ರೆಡ್ಡು ಒಂದು ಭಾಗ ಕೆನ್ನೆಗೆ ಮೆತ್ತಿಕೊಳ್ಳುತ್ತೆ, ಇನ್ನೊಂದು ಭಾಗ ಮೂಲೆಯಲ್ಲಿ ಹುಳಿಯಾಗುತ್ತೆ. ಬಿಸ್ಕತ್ತಿನಲ್ಲಿ ಸಕ್ಕರೆ, ಎಣ್ಣೆ, ಉಪ್ಪು ಮೂರೂ ಇವೆ. ಅದರ ಬದಲು ಉಪ್ಪು ಎಣ್ಣೆ ಹಾಕದ ಒಣ ಚಪಾತಿಯ ಚೂರು ಕೊಡಿ, ಅದು ಪರವಾಗಿಲ್ಲ.

ಈಗ ಆ ಖಾಲಿ ಬಟ್ಟಲಿನ ವಿಷಯ. ಬಟ್ಟಲು ಖಾಲಿ ಆಯ್ತು ಅಂದ್ರೆ ತಿಂದ ಅಂತ ಅರ್ಥ ಅಲ್ಲ. ಗೂಡಿನ ಹಾಸನ್ನು ಮೆಲ್ಲಗೆ ಸರಿಸಿ ನೋಡಿ. ಸಾಮಾನ್ಯವಾಗಿ ಮಲಗುವ ಜಾಗದ ಪಕ್ಕದಲ್ಲೋ ಕೆಳಗೋ ಉಗ್ರಾಣ ಇರುತ್ತೆ. ಸೂರ್ಯಕಾಂತಿ ಬೀಜ, ಕಾಳು, ಪೆಲೆಟ್ (ಆಹಾರ ಒತ್ತಿ ಮಾಡಿದ ಗುಳಿಗೆ) ಎಲ್ಲಾ ಒಂದು ರಾಶಿ. ಎಷ್ಟೋ ಸಲ ಅಲ್ಲಿ ಮೂರ್ನಾಲ್ಕು ದಿನದ ಊಟ ಇರುತ್ತೆ. ಒಣಗಿದ್ದನ್ನು ಮುಟ್ಟಬೇಡಿ. ಪೂರ್ತಿ ತೆಗೆದುಬಿಟ್ಟರೆ ಅವನು ಕಂಗಾಲಾಗುತ್ತಾನೆ. ಒದ್ದೆಯಾದದ್ದು, ಬೂಷ್ಟು ಹಿಡಿದದ್ದು, ಹಳೇ ತರಕಾರಿ ಚೂರು, ಇಷ್ಟನ್ನು ಮಾತ್ರ ತೆಗೆಯಿರಿ. ನಿಮ್ಮ ಕಡೆ ಮಳೆಗಾಲದಲ್ಲಿ ಇದನ್ನು ದಿನಾ ನೋಡಬೇಕು.

ಸಿರಿಯನ್ ಹ್ಯಾಮ್‌ಸ್ಟರ್ ಮೂಲತಃ ಗೋಧಿ ಹೊಲದ ಪ್ರಾಣಿ. 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಹೊಲವೊಂದನ್ನು ಆಳವಾಗಿ ಅಗೆಸಿ, ಇಸ್ರೇಲ್ ಅಹರೋನಿ ಅನ್ನುವ ಪ್ರಾಣಿಶಾಸ್ತ್ರಜ್ಞರು ಒಂದು ತಾಯಿ, ಅದರ ಮರಿಗಳನ್ನು ಹಿಡಿದು ಜೆರುಸಲೇಮಿಗೆ ತಂದರು. ಈಗ ಜಗತ್ತಿನಲ್ಲಿ ಸಾಕುವ ಸಿರಿಯನ್‌ಗಳು ಹೆಚ್ಚು ಕಡಿಮೆ ಎಲ್ಲಾ ಆ ಒಂದೇ ಮನೆತನದ್ದು. ಹಾಗಾಗಿ ನಿಮ್ಮ ಡಬ್ಬಿಯ ಇಡೀ ಗೋಧಿ ಅವನಿಗೆ ಹೊಸ ತಿಂಡಿ ಅಲ್ಲ, ಹಿರಿಯರ ಊಟ. ಬಣ್ಣದ ಪ್ಯಾಕೆಟ್ ಸಿಗಲಿಲ್ಲ ಅಂತ ಕೊರಗಬೇಡಿ.

ಅಳತೆ: ಬೆಳೆದ ಸಿರಿಯನ್‌ಗೆ ದಿನಕ್ಕೆ ಸುಮಾರು 10 ಗ್ರಾಂ ಒಣ ಆಹಾರ. ಊಟದ ಚಮಚದಲ್ಲಿ ಒಂದು ಚಮಚ ಅಂದುಕೊಳ್ಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕಿ, ಅವು ಏಳುವುದೇ ಆಗ.

ನಾನು ಮಾಡುತ್ತಿದ್ದ ಮಿಶ್ರಣ ಹೀಗೆ. ಗೋಧಿ ಎರಡು ಪಾಲು, ಓಟ್ಸ್ ಎರಡು ಪಾಲು, ರಾಗಿ ಒಂದು ಪಾಲು, ಅವಲಕ್ಕಿ ಅರ್ಧ ಪಾಲು, ಚೀನಿಕಾಯಿ ಬೀಜ ಅರ್ಧ ಪಾಲು. ಓಟ್ಸ್ ಸಾದಾ ಇರಬೇಕು. ಮಸಾಲೆ ಹಾಕಿದ್ದು, ಜೇನು ಹಾಕಿದ್ದು ಬೇಡ. ಕುಚ್ಚಲಕ್ಕಿ ನಾಲ್ಕೈದು ಕಾಳು ಸೇರಿಸಿದರೂ ಸರಿ. ಚೀನಿಕಾಯಿ ಬೀಜಕ್ಕೆ ಉಪ್ಪು ಹಾಕಿ ಒಣಗಿಸಿದ್ದರೆ ಬಿಟ್ಟುಬಿಡಿ. ಬೀಜ, ಗೋಡಂಬಿ ಇವೆಲ್ಲ ಕೊಬ್ಬಿನವು. ಅವನು ಅದನ್ನೇ ಆರಿಸಿ ತಿಂದು ಉಳಿದದ್ದು ಬಿಡುತ್ತಾನೆ. ಅದಕ್ಕೇ ಕಡಿಮೆ ಇರಲಿ. ಗೋಡಂಬಿ ಕೊಡಲೇಬೇಕು ಅನ್ನಿಸಿದರೆ ಕಾಲು ಭಾಗ, ಅದೂ ಯಾವಾಗಲೋ ಒಮ್ಮೆ.

ಉಳಿದಿರುವ ಎರಡು ಹೊತ್ತಿನ ಮಿಕ್ಸನ್ನು ಇವತ್ತೇ ಮುಗಿಸಬೇಡಿ. ಅದನ್ನು ನಾಲ್ಕೈದು ದಿನಕ್ಕೆ ಹಂಚಿ, ಈ ಕಾಳಿನ ಜೊತೆ ಬೆರೆಸಿ ಹಾಕಿ. ದಿಢೀರನೆ ಊಟ ಪೂರ್ತಿ ಬದಲಾದರೆ ಹೊಟ್ಟೆಗೆ ಒಗ್ಗುವುದಿಲ್ಲ.

ಪ್ರೋಟೀನ್ ಮರೆಯಬೇಡಿ. ಹ್ಯಾಮ್‌ಸ್ಟರ್ ಬರೀ ಕಾಳು ತಿನ್ನುವ ಪ್ರಾಣಿ ಅಲ್ಲ, ಹೊಲದಲ್ಲಿ ಹುಳ ಹುಪ್ಪಟೆಯನ್ನೂ ಹಿಡಿದು ತಿನ್ನುತ್ತೆ. ಮೊಟ್ಟೆ ಇಲ್ಲದ ಮನೆಯಲ್ಲೂ ದಾರಿ ಇದೆ. ಹೆಸರುಕಾಳು ಮೊಳಕೆ ಬರಿಸಿ ನಾಲ್ಕೈದು ಕಾಳು ಕೊಡಿ. ಮನೆಯಲ್ಲಿ ಹಾಲು ಒಡೆಸಿ, ಉಪ್ಪು ಹಾಕದೆ, ಬಟ್ಟೆಯಲ್ಲಿ ಹಿಂಡಿ ಪನ್ನೀರ್ ಮಾಡಿದರೆ ಕಡಲೆ ಗಾತ್ರದ ಒಂದು ಚೂರು. ಹಾಲು ಬೇಡ ಅಂದು ಪನ್ನೀರ್ ಹೇಳ್ತಾರಲ್ಲ ಅನ್ನಬೇಡಿ. ನೀರು ಬಸಿದಾಗ ಹೊಟ್ಟೆ ಕೆಡಿಸುವ ಹಾಲಿನ ಸಕ್ಕರೆಯ ಹೆಚ್ಚಿನ ಪಾಲು ಆ ನೀರಿನ ಜೊತೆಗೇ ಹೋಗುತ್ತೆ. ಇದು ದಿನ ಬಿಟ್ಟು ದಿನ ಸಾಕು. ಒಂದು ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡಿ.

ಕಡಲೆ, ಅಲಸಂದೆ, ರಾಜ್ಮಾ ಇಂಥ ಗಟ್ಟಿ ಕಾಳುಗಳನ್ನು ಹಸಿಯಾಗಿ ಕೊಡಬೇಡಿ. ಹಸಿ ರಾಜ್ಮಾ ಅಂತೂ ಮನುಷ್ಯರಿಗೇ ವಿಷ. ಮೊಳಕೆ ಬಂದ ಹೆಸರು ಮಾತ್ರ ನಾನು ಧೈರ್ಯವಾಗಿ ಹೇಳುವುದು.

ಮುಳ್ಳುಸೌತೆ ಕಿರುಬೆರಳಿನ ಉಗುರಿನಷ್ಟು. ಕ್ಯಾರೆಟ್ ಕೂಡ ಅಷ್ಟೇ. ಕೊತ್ತಂಬರಿ ಸೊಪ್ಪಿದ್ದರೆ ಒಂದು ಎಸಳು. ತೊಳೆದು, ಒರೆಸಿ ಕೊಡಿ. ಬೆಳಿಗ್ಗೆ ಉಳಿದಿದ್ದರೆ ತೆಗೆಯಲೇಬೇಕು. ಬಸಳೆ ಈಗ ಬೇಡ, ಆಹಾರ ಬದಲಾಗುತ್ತಿರುವಾಗ ಹೊಸ ಸೊಪ್ಪು ಯಾಕೆ? ಬಾಳೆಹಣ್ಣು ಅಂಟು, ಸಿಹಿ ಎರಡೂ. ಅದೂ ಬೇಡ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ಕಾಫಿ ಟೀ, ಕಿತ್ತಳೆ ನಿಂಬೆ ಮೂಸಂಬಿ, ಬೆಣ್ಣೆಹಣ್ಣು, ಹಸಿ ಆಲೂಗಡ್ಡೆ, ಟೊಮೇಟೊ ಗಿಡದ ಎಲೆ, ಕೆಸುವಿನ ಎಲೆ, ಸೇಬಿನ ಬೀಜ, ಕಹಿ ಬಾದಾಮಿ. ನಮ್ಮ ಊಟದಲ್ಲಿ ಉಳಿದ ಸಾರು ಅನ್ನ, ಪಲ್ಯ, ಚಕ್ಕುಲಿ, ಮಿಕ್ಸ್ಚರ್ ಯಾವುದೂ ಬೇಡ. ಕಿತ್ತಳೆ ಕೊಡದಿದ್ದರೆ ವಿಟಮಿನ್ ಸಿ ಕಡಿಮೆಯಾಗುತ್ತೆ ಅಂತ ಕೆಲವರು ಹೇಳುತ್ತಾರೆ. ಆ ಚಿಂತೆ ಗಿನಿಪಿಗ್ ಸಾಕುವವರಿಗೆ. ಹ್ಯಾಮ್‌ಸ್ಟರ್ ತನ್ನ ಮೈಯಲ್ಲೇ ವಿಟಮಿನ್ ಸಿ ಮಾಡಿಕೊಳ್ಳುತ್ತೆ.

ಕೆನ್ನೆಯ ಚೀಲದ ಬಗ್ಗೆ ಒಂದು ಮಾತು, ಮಗಳಿಗೆ ತೋರಿಸಿ. ಆ ಚೀಲ ಬಾಯಿಂದ ಭುಜದವರೆಗೂ ಹೋಗುತ್ತೆ. ಉಗ್ರಾಣಕ್ಕೆ ಹೋಗಿ ಮುಂಗಾಲುಗಳಿಂದ ಕೆನ್ನೆಯನ್ನು ಹಿಂದಿನಿಂದ ಮುಂದಕ್ಕೆ ಒತ್ತುತ್ತಾನೆ, ಒಂದೊಂದೇ ಕಾಳು ಬಾಯಿಂದ ಉದುರುತ್ತೆ. ಕೊನೆಗೆ ಎರಡೂ ಕೆನ್ನೆ ಚಪ್ಪಟೆ. ಹೀಗೆ ಚಪ್ಪಟೆ ಆಗದೆ ಒಂದು ಕಡೆ ಮಾತ್ರ ಉಬ್ಬಿಕೊಂಡೇ ಇದ್ದರೆ, ಅವನು ಅಲ್ಲಿ ಕೆರೆಯುತ್ತಾ ಇದ್ದರೆ, ಏನೋ ಸಿಕ್ಕಿಕೊಂಡಿದೆ ಅಂತ ತಿಳಿಯಿರಿ. ಬೆಲ್ಲ, ಮುದ್ದೆಯಾದ ಅನ್ನ, ನೆಲಗಡಲೆ ಬೆಣ್ಣೆ ಇವು ಹಾಗೆ ಸಿಕ್ಕಿಕೊಳ್ಳುವಂಥವು. ಒಡೆದ ಚೂಪು ಸಿಪ್ಪೆಯೂ ಚುಚ್ಚುತ್ತೆ.

ಇನ್ನು ತೋಟದ ಮನೆಯವರಿಗಾಗಿ ಮೂರು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಿರುತ್ತೀರಿ. ಅದರಲ್ಲಿ ಮೈಲುತುತ್ತು ಇದೆ, ಮರದಡಿಯ ಹುಲ್ಲು ಸೊಪ್ಪಿನ ಮೇಲೆಲ್ಲ ಬಿದ್ದಿರುತ್ತೆ. ಆ ಜಾಗದ ಒಂದು ಎಲೆಯನ್ನೂ ತರಬೇಡಿ. ಎರಡನೇದು, ಬಿತ್ತನೆಗೆ ತಂದ ಬೀಜ. ಗುಲಾಬಿ ಬಣ್ಣವೋ ಹಸಿರು ಬಣ್ಣವೋ ಬಳಿದಿದ್ದರೆ ಅದು ಔಷಧ ಲೇಪಿಸಿದ್ದು. ಮೂರನೇದು, ಹುಳ ಬಾರದ ಹಾಗೆ ಮಾತ್ರೆ ಇಟ್ಟ ಕಾಳು, ಬೋರಿಕ್ ಪುಡಿ ಬೆರೆಸಿದ ಕಾಳು. ನಾವು ತೊಳೆದು ಬೇಯಿಸಿ ತಿನ್ನುತ್ತೇವೆ, ಅವನು ಹಾಗೇ ಕಡಿಯುತ್ತಾನೆ. ಅವನ ತೂಕ ನೂರು ನೂರೈವತ್ತು ಗ್ರಾಂ ಅಷ್ಟೇ ಅಲ್ವಾ, ನಮಗೆ ಏನೂ ಆಗದ ಪ್ರಮಾಣ ಅವನಿಗೆ ಜಾಸ್ತಿ ಆಗುತ್ತೆ.

ಉತ್ತರ: ಮಲೆನಾಡಿನ ಪಶುವೈದ್ಯ

ಮೈಸೂರಿನ ಅಕ್ಕ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ವೈದ್ಯನಾಗಿ ಸ್ವಲ್ಪ ಸೇರಿಸುತ್ತೇನೆ.

ನೆಲಗಡಲೆ ವಿಷಯ. ಮಳೆಗಾಲದಲ್ಲಿ ತೇವ ಹಿಡಿದ ಕಡಲೆಕಾಯಿ, ಮುಸುಕಿನ ಜೋಳದ ಮೇಲೆ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಬೆಳೆಯುತ್ತದೆ. ಅದು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಲಿವರ್ ಹಾಳುಮಾಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಹಾಗಾಗಿ ಸುಕ್ಕುಗಟ್ಟಿದ, ಕಪ್ಪು ಚುಕ್ಕೆಯ, ಕಮಟು ವಾಸನೆಯ ಕಾಳು ಯಾವುದೇ ಇರಲಿ ಬೇಡ. ನಿಮ್ಮ ಕಡೆಯ ಈ ಹವೆಯಲ್ಲಿ ನೆಲಗಡಲೆಯನ್ನು ಪೂರ್ತಿ ಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದಿಲ್ಲದೆ ಚಿಕ್ಕುವಿಗೆ ಏನೂ ಕಡಿಮೆಯಾಗುವುದಿಲ್ಲ.

ಕೊಟ್ಟಿಗೆ ಇರುವ ಮನೆ ಅಂದುಕೊಳ್ಳುತ್ತೇನೆ. ದನದ ಹಿಂಡಿ, ಬೂಸಾ ಮಿಶ್ರಣ ಕೊಡಬೇಡಿ. ಕೆಲವದಕ್ಕೆ ಯೂರಿಯಾ, ಉಪ್ಪು ಬೆರೆಸಿರುತ್ತಾರೆ. ದನದ ಹೊಟ್ಟೆಗೆ ಅದು ಆಗುತ್ತದೆ, ಇಲಿ ಜಾತಿಗೆ ಆಗುವುದಿಲ್ಲ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಅನ್ನುವ ವಿಷದ ಅಂಶ ಇದೆ. ಕೋಳಿ ಆಹಾರಕ್ಕೂ ಔಷಧ ಸೇರಿಸಿರುವುದುಂಟು.

ನೀರು ಮುಖ್ಯ. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿ ಕುಡಿಯುತ್ತವೆ. ಒಣ ಕಾಳು ಜಾಸ್ತಿ ಕೊಡುವಾಗ ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡಿಲ್ಲ ತಾನೇ ಅಂತ ಬೆರಳಲ್ಲಿ ತಟ್ಟಿ ನೋಡಿ. ಹೊಳೆ ಬಾವಿ ಕಲಕಿದ್ದರೆ ಕುದಿಸಿ ಆರಿಸಿದ ನೀರು ಹಾಕಿ.

ಆಹಾರ ಬದಲಾಗುವ ಈ ದಿನಗಳಲ್ಲಿ ಹಿಕ್ಕೆ ನೋಡಿ. ಗಟ್ಟಿಯಾಗಿ, ಗಾಢ ಕಂದು ಬಣ್ಣದಲ್ಲಿ, ಅಕ್ಕಿ ಕಾಳಿನ ಹಾಗೆ ಇದ್ದರೆ ಸರಿ. ಸ್ವಲ್ಪ ಮೆತ್ತಗಾದರೆ ತರಕಾರಿ ನಿಲ್ಲಿಸಿ, ಒಣ ಓಟ್ಸ್, ಗೋಧಿ ಮಾತ್ರ ಕೊಡಿ. ಆದರೆ ನೀರಿನಂತೆ ಆಗಿ ಬಾಲದ ಸುತ್ತ ಒದ್ದೆಯಾಗಿ, ವಾಸನೆ ಬಂದು, ಮೈ ಮುದುಡಿಕೊಂಡು ಕೂತರೆ ಕಾಯಬೇಡಿ. ವೆಟ್ ಟೇಲ್ ಅಂತ ಕರೆಯುತ್ತಾರೆ. ಎಳೆ ಮರಿಗಳಲ್ಲಿ ಜಾಸ್ತಿ, ದೊಡ್ಡವಕ್ಕೂ ಬೇರೆ ಕಾರಣಗಳಿಂದ ಭೇದಿ ಆಗುತ್ತದೆ. ಇಷ್ಟು ಸಣ್ಣ ಮೈಯಲ್ಲಿ ನೀರು ಬೇಗ ಬತ್ತಿಹೋಗುತ್ತದೆ, ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ರಸ್ತೆ ಇಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಗೆ ತಕ್ಷಣ ಫೋನ್ ಮಾಡಿ.

ಕೈಮುಗಿದು ಕೇಳುತ್ತೇನೆ, ಮನೆಯಲ್ಲಿ ಉಳಿದ ಮಕ್ಕಳ ಆ್ಯಂಟಿಬಯಾಟಿಕ್ ಸಿರಪ್ ಹಾಕಬೇಡಿ. ಅಮಾಕ್ಸಿಸಿಲಿನ್, ಪೆನ್ಸಿಲಿನ್ ಜಾತಿಯ ಔಷಧಗಳು ಹ್ಯಾಮ್‌ಸ್ಟರ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ಕೆಟ್ಟವು ಬೆಳೆಯಲು ದಾರಿ ಮಾಡುತ್ತವೆ. ಕಾಯಿಲೆಯಿಂದ ಅಲ್ಲ, ಔಷಧದಿಂದಲೇ ಸಾಯುತ್ತವೆ.

ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಇವತ್ತೇ ಒಂದು ಡಬ್ಬಿಯಲ್ಲಿ ಕೂರಿಸಿ ತೂಕ ಬರೆದಿಡಿ. ಎರಡು ದಿನಕ್ಕೊಮ್ಮೆ ನೋಡಿ. ಹತ್ತರಲ್ಲಿ ಒಂದು ಪಾಲು ಇಳಿದರೆ ಊಟ ಸಾಲುತ್ತಿಲ್ಲ ಅಥವಾ ಬೇರೇನೋ ಇದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು: ಸುಳ್ಯದ ತೋಟದ ಮನೆ

ಅಕ್ಕ, ಡಾಕ್ಟ್ರೇ, ಇಬ್ಬರಿಗೂ ತುಂಬಾ ಉಪಕಾರ ಆಯಿತು. ಮಗಳು ಈಗ ಅಳು ನಿಲ್ಲಿಸಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ.

ನೀವು ಹೇಳಿದ ಹಾಗೆ ಹಾಸು ಸರಿಸಿ ನೋಡಿದೆವು. ಅವನು ಮಲಗುವ ತೆಂಗಿನ ಗೆರಟೆಯ ಹಿಂದೆ ರಾಶಿ ಉಂಟು! ಒಂದು ಹಿಡಿಯಷ್ಟು ಕಾಳು. ಅಡಿಯಲ್ಲಿ ಕಪ್ಪಾದ ಒಂದು ಕ್ಯಾರೆಟ್ ಚೂರು, ಅದರ ಸುತ್ತ ನಾಲ್ಕೈದು ಕಾಳಿಗೆ ಬಿಳಿ ಬೂಷ್ಟು. ಅದಷ್ಟನ್ನು ತೆಗೆದು, ಅಲ್ಲಿನ ಒದ್ದೆ ಹಾಸು ಬದಲಾಯಿಸಿ, ಒಣ ಕಾಳನ್ನು ವಾಪಸ್ ಅಲ್ಲೇ ಇಟ್ಟೆವು. ತೂಕ 138 ಗ್ರಾಂ. ಓಟ್ಸ್ ಡಬ್ಬಿ ತೆರೆದ ಕೂಡಲೇ ಮೂಗು ಅಲ್ಲಾಡಿಸುತ್ತಾ ಬಂದ.

ಎರಡು ಸಂಶಯ. ಹಲಸಿನ ಬೀಜ ಬೇಯಿಸಿ ಕೊಡಬಹುದಾ? ಮನೆ ತುಂಬಾ ಅದೇ ಇರುವುದು. ಮತ್ತೆ ಸೇತುವೆ ನೀರು ಇಳಿದರೆ ಪುತ್ತೂರಿನಿಂದ ಆ ಲವ್ ಬರ್ಡ್ಸ್ ಕಾಳು ತರಿಸುವುದಾ, ಬೇಡವಾ? ಪಕ್ಕದ ಮನೆಯವರು ಒಂದು ಮೊಟ್ಟೆ ಬೇಯಿಸಿ ಕೊಡುತ್ತೇನೆ ಅಂದಿದ್ದಾರೆ, ಅದಕ್ಕೆ ಅತ್ತೆ ಏನೂ ಹೇಳಲಿಲ್ಲ. ಹೊರಗಿನ ಜಗಲಿಯಲ್ಲಿ ಕೊಡಬಹುದು.

ಉತ್ತರ: ಹುಬ್ಬಳ್ಳಿ ಕುಳ್ಳ ಹ್ಯಾಮ್‌ಸ್ಟರ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದನ್ನು ಓದುವ ಕುಳ್ಳ ಜಾತಿಯ ಹ್ಯಾಮ್‌ಸ್ಟರ್ ಸಾಕಿದವರಿಗೆ ಒಂದು ಮಾತು ಹೇಳಬೇಕು. ನನ್ನ ಹತ್ತಿರ ಇರುವುದು ಕ್ಯಾಂಪ್‌ಬೆಲ್ ಜಾತಿ. ಇವು 30ರಿಂದ 50 ಗ್ರಾಂ ತೂಗುತ್ತವೆ. ಇವಕ್ಕೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಹಾಗಾಗಿ ಸಿರಿಯನ್‌ಗೆ ನಡೆಯುವ ಕ್ಯಾರೆಟ್, ಸ್ವೀಟ್ ಕಾರ್ನ್, ಹಣ್ಣು ನಾನು ಕೊಡುವುದೇ ಇಲ್ಲ. ಸೌತೆಕಾಯಿ, ಮೆಂತ್ಯ ಸೊಪ್ಪು ಮಾತ್ರ. ಏಕಾಏಕಿ ತುಂಬಾ ನೀರು ಕುಡಿಯಲು, ತುಂಬಾ ಉಚ್ಚೆ ಹೊಯ್ಯಲು ಶುರು ಮಾಡಿದರೆ ಡಾಕ್ಟರಿಗೆ ತೋರಿಸಿ.

ನಮ್ಮ ಕಡೆ ಇದು ಸುಲಭ. ನವಣೆ, ಸಜ್ಜೆ, ಬಿಳಿಜೋಳ ಯಾವ ಕಿರಾಣಿ ಅಂಗಡಿಯಲ್ಲೂ ಇರುತ್ತದೆ. ಕುಳ್ಳ ಜಾತಿಯ ಬಾಯಿಗೆ ನವಣೆ ಗಾತ್ರ ಸರಿಯಾಗುತ್ತದೆ. ಸಜ್ಜೆ ತೆನೆ ಸಿಗುವ ಕಾಲದಲ್ಲಿ ಒಂದು ತುಂಡು ತೆನೆಯನ್ನೇ ಒಳಗೆ ನಿಲ್ಲಿಸುತ್ತೇನೆ. ಅದನ್ನು ಹಿಡಿದುಕೊಂಡು ಒಂದೊಂದೇ ಕಾಳು ಬಿಡಿಸುವುದರಲ್ಲಿ ಅರ್ಧ ರಾತ್ರಿ ಕಳೆಯುತ್ತದೆ. ಬಟ್ಟಲಿನಲ್ಲಿ ಹಾಕಿದ ಕಾಳಿಗಿಂತ ಅದರಲ್ಲಿ ಅವಕ್ಕೆ ಖುಷಿ ಜಾಸ್ತಿ. ಅಗಸೆ ಬೀಜ ಎರಡು ಚಿಟಿಕೆ, ಅಷ್ಟೇ. ಹೊಲದಿಂದ ನೇರ ತಂದ ತೆನೆಯಾದರೆ ಔಷಧ ಹೊಡೆದಿಲ್ಲ ಅಂತ ರೈತರನ್ನು ಕೇಳಿಯೇ ತನ್ನಿ.

ಉತ್ತರ: ಮೈಸೂರಿನ ಸರಸ್ವತಿಪುರಂ ಅಕ್ಕ

138 ಗ್ರಾಂ ಗಂಡು ಸಿರಿಯನ್‌ಗೆ ಒಳ್ಳೇ ತೂಕ. ಮಗಳು ಚೆನ್ನಾಗಿ ನೋಡಿಕೊಂಡಿದ್ದಾಳೆ, ನನ್ನ ಪರವಾಗಿ ಬೆನ್ನು ತಟ್ಟಿ. ಉಗ್ರಾಣದ ಒಣ ಕಾಳನ್ನು ವಾಪಸ್ ಇಟ್ಟದ್ದು ಓದಿ ಸಮಾಧಾನ ಆಯ್ತು. ಆ ಬೂಷ್ಟಿನ ಪಕ್ಕದ ಕಾಳುಗಳಿದ್ದವಲ್ಲ, ಅವುಗಳಲ್ಲಿ ಸ್ವಲ್ಪ ಅನುಮಾನ ಇರುವುದನ್ನೂ ಎಸೆದುಬಿಡಿ. ಹೇಗೂ ಬದಲಿಗೆ ಕೊಡಲು ನಿಮ್ಮ ಹತ್ತಿರ ಇದೆ.

ಹಲಸಿನ ಬೀಜ ಬೇಡ. ಹಸಿಯದ್ದು ಜೀರ್ಣ ಆಗುವುದಿಲ್ಲ, ಬೆಂದದ್ದು ಹಿಟ್ಟು ಹಿಟ್ಟಾಗಿ ಕೆನ್ನೆಗೆ ಮೆತ್ತುತ್ತೆ. ಅದನ್ನು ನೀವೇ ಸಾರು ಮಾಡಿ ಊಟ ಮಾಡಿ.

ಲವ್ ಬರ್ಡ್ಸ್ ಕಾಳು ಖಂಡಿತ ತರಿಸಿ. ಸಣ್ಣ ಊರುಗಳಲ್ಲಿ ಹ್ಯಾಮ್‌ಸ್ಟರ್ ಆಹಾರ ಸಿಗದಿದ್ದರೂ ಇದು ಸಿಗುತ್ತೆ. ಅದರಲ್ಲಿ ಹೆಚ್ಚಾಗಿ ಇರುವುದು ನವಣೆಯಂಥ ಸಿರಿಧಾನ್ಯವೇ. ಅಂಗಡಿಯವರಿಗೆ ಫೋನಿನಲ್ಲಿ ಎರಡು ವಿಷಯ ಕೇಳಿ. ಬಣ್ಣ ಹಾಕಿದ ಉಂಡೆಗಳು, ಔಷಧ, ಕಪ್ಪೆಚಿಪ್ಪಿನ ಚೂರು ಏನಾದರೂ ಬೆರೆಸಿದ್ದಾರಾ ಅಂತ ಒಂದು. ಚೀಲ ಯಾವಾಗ ಒಡೆದದ್ದು ಅಂತ ಇನ್ನೊಂದು. ಬಿಡಿಯಾಗಿ ಗೋಣಿಯಿಂದ ತೂಗಿ ಕೊಡುವ ಕಾಳಾದರೆ ತಂದ ಮೇಲೆ ಒಂದು ಹಿಡಿ ಬಿಳಿ ಹಾಳೆ ಮೇಲೆ ಹರಡಿ ನೋಡಿ. ಧೂಳು, ಬಲೆ ಕಟ್ಟಿದ್ದು, ಕಮಟು ವಾಸನೆ ಇದ್ದರೆ ವಾಪಸ್. ಚೆನ್ನಾಗಿದ್ದರೆ ನೀವು ಮಾಡಿದ ಮಿಶ್ರಣಕ್ಕೆ ರಾಗಿಯ ಜೊತೆ ಒಂದು ಪಾಲು ಸೇರಿಸಿ. ಬರೀ ಹಕ್ಕಿ ಕಾಳನ್ನೇ ಕೊಡುವುದು ಬೇಡ, ಪ್ರೋಟೀನ್ ಸಾಲುವುದಿಲ್ಲ.

ಪುತ್ತೂರಿಗೆ ಹೋಗುವುದೇ ಆದರೆ ಮೊಲದ ಪೆಲೆಟ್ ಇದ್ದರೂ ಅದರ ಮೇಲೆ ನೆಚ್ಚಿಕೊಳ್ಳಬೇಡಿ. ಹುಲ್ಲಿನಿಂದ ಮಾಡಿದ್ದು, ಹೊಟ್ಟೆ ತುಂಬುತ್ತೆ ಹೊರತು ಶಕ್ತಿ ಕಡಿಮೆ. ನಾಯಿಗೆ ಹಾಕುವ ಸಾದಾ ಒಣ ಆಹಾರ ಅದಕ್ಕಿಂತ ಮೇಲು. ಸಣ್ಣ ತಳಿಗಳ ಚಿಕ್ಕ ಗುಳಿಗೆ ಒಂದು, ವಾರದಲ್ಲಿ ಎರಡು ಮೂರು ಸಲ. ನಿಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ ಅಂದರೆ ಪನ್ನೀರ್, ಹೆಸರು ಮೊಳಕೆ ಸಾಕು. ಒತ್ತಾಯ ಏನಿಲ್ಲ.

ಮೊಟ್ಟೆ ಪಕ್ಕದ ಮನೆಯವರು ಬೇಯಿಸಿ ಕೊಟ್ಟರೆ ತುಂಬಾ ಒಳ್ಳೇದು. ಗಟ್ಟಿಯಾಗಿ ಬೆಂದಿರಬೇಕು, ಉಪ್ಪು ಮೆಣಸು ಬೇಡ. ಬಿಳಿ ಭಾಗ ಶೇಂಗಾ ಕಾಳಿನಷ್ಟು ಸಾಕು. ಜಗಲಿಯಲ್ಲಿ ಕೊಡುವಾಗ ಒಂದು ಕೆಲಸ ಮಾಡಿ, ಕೈಯಲ್ಲೇ ಹಿಡಿದು ತಿನ್ನಿಸಿ. ಬಟ್ಟಲಿಗೆ ಹಾಕಿದರೆ ಕೆನ್ನೆಯಲ್ಲಿಟ್ಟುಕೊಂಡು ಗೆರಟೆಯ ಹಿಂದೆ ಬಚ್ಚಿಡುತ್ತಾನೆ, ಎರಡನೇ ದಿನಕ್ಕೆ ಮನೆಯೆಲ್ಲಾ ವಾಸನೆ. ಜಗಲಿಗೆ ತರುವಾಗ ಬೆಕ್ಕು ಎಲ್ಲಿದೆ ಅಂತ ಮೊದಲು ನೋಡಿ. ದೊಡ್ಡ ಟಬ್ಬಿನಲ್ಲಿ ಕೂರಿಸಿಯೇ ತನ್ನಿ. ಮಳೆಗಾಲದಲ್ಲಿ ತೋಟದ ಮನೆ ಜಗಲಿಗೆ ಹಾವೂ ಬರುತ್ತೆ.

ಕಡಿಯಲು ಗಟ್ಟಿ ವಸ್ತು ಇರಲಿ. ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತೆ. ಪೆಲೆಟ್ ಕಡಿಮೆಯಾದಾಗ ಸವೆಯುವುದೂ ಕಡಿಮೆ. ಗೆರಟೆ ಹೇಗೂ ಇದೆ. ಜೊತೆಗೆ ಪೇರಳೆ ಗಿಡದ ಬೆರಳು ದಪ್ಪದ ಕೊಂಬೆ, ಔಷಧ ಬೀಳದ ಗಿಡದ್ದು, ತೊಳೆದು ಒಲೆ ಪಕ್ಕದಲ್ಲಿ ಒಣಗಿಸಿ ಹಾಕಿ.

ಪಾರ್ಸೆಲ್ ಬಂದ ದಿನ ಸಂತೋಷದಲ್ಲಿ ಬಟ್ಟಲು ತುಂಬಾ ಹೊಸ ಮಿಕ್ಸ್ ಸುರಿಯಬೇಡಿ. ಮೊದಲು ಪ್ಯಾಕೆಟ್ ಒಡೆದು ಮೂಸಿ ನೋಡಿ, ಮಳೆಯಲ್ಲಿ ಎಲ್ಲೆಲ್ಲೋ ಬಿದ್ದು ಬಂದಿರುತ್ತೆ. ತೇವ ಇಲ್ಲದಿದ್ದರೆ ಮನೆಯ ಮಿಶ್ರಣದ ಜೊತೆ ಕಾಲು ಭಾಗದಿಂದ ಶುರು ಮಾಡಿ, ಒಂದು ವಾರದಲ್ಲಿ ಮೆಲ್ಲಗೆ ಪೂರ್ತಿ ಬದಲಾಯಿಸಿ. ಆಮೇಲೂ ಗೋಧಿ, ಓಟ್ಸ್, ರಾಗಿಯ ಒಂದು ಬಾಟಲಿ ಬಿಗಿ ಮುಚ್ಚಳ ಹಾಕಿ ಬೇರೆಯೇ ಇಟ್ಟಿರಿ. ನಿಮ್ಮ ಕಡೆ ಮಳೆ ಇನ್ನೂ ಎರಡು ತಿಂಗಳು ಇದೆಯಲ್ವಾ.

ನಾಳೆ ಹಿಕ್ಕೆ ಹೇಗಿದೆ ಅಂತ ಇಲ್ಲಿ ಬರೆಯಿರಿ. ಡಾಕ್ಟ್ರೂ ನೋಡುತ್ತಾರೆ, ನಾನೂ ನೋಡುತ್ತೇನೆ.